ಬೆಕ್ಕಿನ ವಾಸನೆಗೆ ಹೆದರದ ಇಲಿ

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಆದರೆ ಬೆಕ್ಕಿಗೆ ಹೆದರಬೇಕೆಂದು ಇಲಿಗೆ ಹೇಳಿಕೊಟ್ಟವರು ಯಾರು? ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದು, ತಲೆಮಾರುಗಳಿಂದ ಬೆಕ್ಕಿನ ಮುಖವನ್ನೇ ಕಾಣದ ಇಲಿಗೂ ಅದರ ಮೂತ್ರದ ವಾಸನೆ ಮೂಗಿಗೆ ಬಡಿದರೆ ಸಾಕು, ದೂರ ಸರಿಯುತ್ತದೆ. ಹುಟ್ಟಿನಿಂದ ಬಂದ ಈ ಭಯವನ್ನೇ ಅಳಿಸಬಲ್ಲ ಒಂದು ಸೂಕ್ಷ್ಮಜೀವಿ ಇದೆ. ಅದು ಹೇಗೆ ಅಳಿಸುತ್ತದೆ ಎಂದು ವರ್ಷಗಟ್ಟಲೆ ಹುಡುಕಿದವರಲ್ಲಿ ಒಬ್ಬರು ಅಜಯ್ ವ್ಯಾಸ್.

ವ್ಯಾಸ್ ಅವರ ಸಂಶೋಧನೆಯ ದಾರಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ತೆರೆಯಿತು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕೂಡಿಹಾಕಿದರೆ ಮಿದುಳಿನಲ್ಲಿ ಏನಾಗುತ್ತದೆ ಎಂದು ಅವರೂ ಅವರ ಗುರುಗಳಾದ ಸುಮಂತ್ರ ಚಟರ್ಜಿಯವರೂ ನೋಡಿದರು. ನೆನಪಿಗೆ ಬೇಕಾದ ಭಾಗದಲ್ಲಿ ನರಕೋಶದ ಕವಲುಗಳು ಕುಗ್ಗಿದ್ದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಾಲ ಎಂಬ ಭಾಗದಲ್ಲಿ ಮಾತ್ರ ಕವಲುಗಳು ಹೆಚ್ಚಿದ್ದವು. ಇದು 2002ರಲ್ಲಿ ಪ್ರಕಟವಾಯಿತು.

ಮುಂದೆ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ಸಪೋಲ್ಸ್ಕಿ ಅವರ ಬಳಿ ಸೇರಿದರು. ಅಲ್ಲಿ ಅವರಿಗೆ ಎದುರಾದದ್ದು ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶದ ಪರೋಪಜೀವಿ. 1908ರಲ್ಲೇ ಗುರುತಿಸಲಾದ ಈ ಜೀವಿ ಅನೇಕ ಪ್ರಾಣಿಗಳಲ್ಲಿ ನೆಲೆಸಬಲ್ಲದು. ಆದರೆ ಅದರ ಲೈಂಗಿಕ ಸಂತಾನೋತ್ಪತ್ತಿ ನಡೆಯುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಇಲಿಯೊಳಗಿರುವ ಪರೋಪಜೀವಿ ಬೆಕ್ಕಿನ ಹೊಟ್ಟೆ ಸೇರಬೇಕಾದರೆ ಬೆಕ್ಕು ಇಲಿಯನ್ನು ತಿನ್ನಬೇಕು. 2000ರಲ್ಲಿ ಆಕ್ಸ್‌ಫರ್ಡ್‌ನ ಬರ್ಡಾಯ್, ವೆಬ್‌ಸ್ಟರ್, ಮ್ಯಾಕ್‌ಡೊನಾಲ್ಡ್ ಒಂದು ಅಚ್ಚರಿಯನ್ನು ವರದಿ ಮಾಡಿದ್ದರು: ಸೋಂಕಿತ ಇಲಿಗಳು ಬೆಕ್ಕಿನ ವಾಸನೆಯಿದ್ದ ಮೂಲೆಗೆ ಹೋಗಲು ಹಿಂಜರಿಯಲಿಲ್ಲ, ಕೆಲವಂತೂ ಅತ್ತಲೇ ಎಳೆಯಲ್ಪಟ್ಟವು.

ಇಲ್ಲಿ ನೀವೇ ಒಂದು ಕ್ಷಣ ಯೋಚಿಸಿ. ಸೋಂಕಿನಿಂದ ಇಲಿಯ ಮೂಗೇ ಕೆಟ್ಟಿರಬಹುದಲ್ಲವೇ? ಮಿದುಳು ಮಂಕಾಗಿ ಎಲ್ಲ ಭಯವೂ ಹೋಗಿರಬಹುದಲ್ಲವೇ? ವ್ಯಾಸ್ ಮತ್ತು ಸಂಗಡಿಗರು ಈ ಅನುಮಾನಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ವಾಸನೆ ಹಿಡಿಯುವ ಶಕ್ತಿ ಸರಿಯಾಗಿತ್ತು. ಕಲಿಯುವ ಶಕ್ತಿ ಇತ್ತು. ಅನುಭವದಿಂದ ಕಲಿತ ಭಯವೂ, ಸಾಮಾನ್ಯ ಅಳುಕೂ ಹಾಗೇ ಇದ್ದವು. ಹೋಗಿದ್ದದ್ದು ಬೆಕ್ಕಿನ ವಾಸನೆಯ ಭಯ ಮಾತ್ರ. ಅದರ ಜಾಗದಲ್ಲಿ ಆಕರ್ಷಣೆ ಬಂದಿತ್ತು. ಪರೋಪಜೀವಿಯ ಕೋಶಗಳು ಅಮಿಗ್ಡಾಲದ ಕಡೆ ತುಸು ಹೆಚ್ಚಾಗಿ ಕಂಡವು. 2007ರ ಈ ಫಲಿತಾಂಶದ ಬೆಲೆ ಇರುವುದು ಆ ‘ಮಾತ್ರ’ ಎಂಬ ಪದದಲ್ಲಿ. ಬೇರೆ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲೆಯೇ ಆ ಪದ ಬರೆಯಲು ಅವರಿಗೆ ಹಕ್ಕು ಬಂತು.

ಆಮೇಲೆ ವ್ಯಾಸ್ ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಪ್ರಯೋಗಾಲಯ ಕಟ್ಟಿದರು. ಸೋಂಕಿತ ಗಂಡು ಇಲಿಗೆ ಬೆಕ್ಕಿನ ವಾಸನೆ ತೋರಿಸಿದಾಗ, ಹೆಣ್ಣಿನ ವಾಸನೆಗೆ ಎಚ್ಚರಗೊಳ್ಳುವ ನರಮಾರ್ಗ ಚುರುಕಾಗುವುದು 2011ರಲ್ಲಿ ಕಂಡುಬಂತು. ಅದೇ ವರ್ಷ ಮತ್ತೊಂದು ಸಂಗತಿ ಹೊರಬಂತು: ಹೆಣ್ಣು ಇಲಿಗಳು ಸೋಂಕಿತ ಗಂಡುಗಳತ್ತಲೇ ಹೆಚ್ಚು ಒಲಿಯುತ್ತಿದ್ದವು. ಸಂಗಮದಿಂದ ಸೋಂಕು ಹೆಣ್ಣಿಗೂ ಮರಿಗಳಿಗೂ ದಾಟುತ್ತಿತ್ತು. 2014ರಲ್ಲಿ ಅವರ ತಂಡ ಕಾರಣದ ಇನ್ನೊಂದು ಎಳೆ ಹಿಡಿಯಿತು. ಅಮಿಗ್ಡಾಲದಲ್ಲಿ ವಾಸೊಪ್ರೆಸಿನ್ ಎಂಬ ರಸಾಯನಿಕದ ಜೀನ್ ಮೇಲಿನ ಮೀಥೈಲ್ ಗುರುತುಗಳು ಸೋಂಕಿನಿಂದ ಕಡಿಮೆಯಾಗಿದ್ದವು. ಆ ಗುರುತುಗಳನ್ನು ಹೆಚ್ಚಿಸಿದಾಗ ಇಲಿಯ ವರ್ತನೆ ಮತ್ತೆ ಮೊದಲಿನಂತಾಯಿತು.

ಇದು ನಮ್ಮ ಮನೆಗೂ ಸಂಬಂಧಿಸಿದ ವಿಷಯ. ಸರಿಯಾಗಿ ಬೇಯದ ಮಾಂಸದಿಂದಲೂ, ಬೆಕ್ಕಿನ ಮಲ ಬೆರೆತ ಮಣ್ಣು, ನೀರು, ತೊಳೆಯದ ಸೊಪ್ಪಿನಿಂದಲೂ ಮನುಷ್ಯರಿಗೆ ಈ ಸೋಂಕು ತಗಲುತ್ತದೆ. ಆರೋಗ್ಯವಂತರಲ್ಲಿ ಅದು ಹೆಚ್ಚಾಗಿ ಸದ್ದಿಲ್ಲದೆ ಉಳಿಯುತ್ತದೆ. ಬಸುರಿಗೆ ಮೊದಲ ಬಾರಿ ತಗಲಿದರೆ ಮಾತ್ರ ಮಗುವಿನ ಕಣ್ಣು, ಮಿದುಳಿಗೆ ಅಪಾಯವಾಗಬಹುದು. ಹಾಗೆಂದು ಬೆಕ್ಕನ್ನು ಓಡಿಸಬೇಕಿಲ್ಲ. ಮಾಂಸ ಚೆನ್ನಾಗಿ ಬೇಯಿಸಿ, ಸೊಪ್ಪು ತೊಳೆಯಿರಿ, ಮಣ್ಣು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬೆಕ್ಕಿನ ಮಲದಲ್ಲಿ ಹೊರಬಿದ್ದ ಕೋಶಗಳು ಸೋಂಕು ಹರಡುವಂತಾಗಲು 1ರಿಂದ 5 ದಿನ ಬೇಕು. ಆದ್ದರಿಂದ ಅದನ್ನು ದಿನದಿನವೂ ತೆಗೆಯುವುದು ಒಳ್ಳೆಯದು. ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಬೇರೆಯವರು ಮಾಡಲಿ.