ನಡುರಾತ್ರಿಯ ಕರೆಗೆ ಓಗೊಡುವವರು

ರಾತ್ರಿ ಎರಡು ಗಂಟೆ. ಮನೆಮಂದಿಯೆಲ್ಲ ನಿದ್ರೆಯಲ್ಲಿದ್ದಾರೆ, ಒಂದು ಕೋಣೆಯ ದೀಪ ಮಾತ್ರ ಇನ್ನೂ ಆರಿಲ್ಲ. ಅದರ ಕೆಳಗೆ ಕುಳಿತಿರುವವರು ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಯಿರಬಹುದು, ಸಾಲದಲ್ಲಿ ಮುಳುಗಿದ ಗೃಹಸ್ಥರಿರಬಹುದು, ಹಡೆದು ಎರಡು ತಿಂಗಳಾದರೂ ಮಗುವಿನ ಮುಖ ನೋಡಿ ನಗಲಾರದ ಬಾಣಂತಿಯಿರಬಹುದು. ಮೈಗೆ ಜ್ವರ ಬಂದರೆ ಅಜ್ಜಿಯ ಕಷಾಯವುಂಟು, ಬೀದಿಯ ಕೊನೆಯಲ್ಲಿ ವೈದ್ಯರುಂಟು, ನೆರೆಮನೆಯವರ ವಿಚಾರಣೆಯೂ ಉಂಟು. ಮನಸ್ಸಿಗೆ ಬಂದ ಜ್ವರವನ್ನು ಆ ಹೊತ್ತಿನಲ್ಲಿ ಯಾರಲ್ಲಿ ಹೇಳಿಕೊಳ್ಳುವುದು?

ಈ ಪ್ರಶ್ನೆ ಇಂಗ್ಲೆಂಡಿನ ಚಾಡ್ ವಾರಾ ಎಂಬ ಪಾದ್ರಿಯನ್ನು ಬಹುಕಾಲ ಕಾಡಿತು. 1935ರಲ್ಲಿ, ಇನ್ನೂ ತರುಣರಾಗಿದ್ದಾಗ, ಅವರು ನೆರವೇರಿಸಬೇಕಾಗಿ ಬಂದ ಮೊದಲ ಅಂತ್ಯಸಂಸ್ಕಾರ 14 ವರ್ಷದ ಒಬ್ಬ ಹುಡುಗಿಯದು. ಆಕೆ ಮೈನೆರೆದಿದ್ದಳು, ಅಷ್ಟೆ. ಅದನ್ನೇ ಯಾವುದೋ ಗುಹ್ಯರೋಗವೆಂದು ಬಗೆದು, ಯಾರಲ್ಲಿಯೂ ಬಾಯಿಬಿಡಲಾರದೆ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಿದ್ದಳು. ಮನೆಯ ಹಿರಿಯ ಹೆಂಗಸೊಬ್ಬಳು ಒಂದೇ ಒಂದು ಮಾತು ಹೇಳಿದ್ದರೆ! ಹದಿನೆಂಟು ವರ್ಷಗಳ ಅನಂತರ, 1953ರ ನವೆಂಬರ್ 2ರಂದು, ಅವರು ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರುಕ್ ಇಗರ್ಜಿಯಲ್ಲಿ ಒಂದು ಟೆಲಿಫೋನನ್ನಿಟ್ಟುಕೊಂಡು, ಬದುಕು ಬೇಡವಾದವರು ತಮಗೆ ಕರೆ ಮಾಡಬಹುದೆಂದು ಸಾರಿದರು. ಅದರ ಸಂಖ್ಯೆ ‘ಮ್ಯಾನ್ 9000’.

ಜನ ಬಂದರು, ಪಾದ್ರಿಯವರನ್ನು ಕಾಣಲು ಸಾಲಾಗಿ ಕಾದರು. ಕಾಯುತ್ತಿದ್ದವರಿಗೆ ಚಹಾ ಕೊಡುತ್ತ ಕೆಲವು ಸ್ವಯಂಸೇವಕರು ಜೊತೆಗೆ ಕುಳಿತಿರುತ್ತಿದ್ದರು. ಆಗ ಒಂದು ವಿಚಿತ್ರ ಕಂಡುಬಂದಿತು. ಎಷ್ಟೋ ಜನ ಆ ಸ್ವಯಂಸೇವಕರೊಡನೆ ಮಾತನಾಡಿಯೇ ಹಗುರಾಗಿ, ಪಾದ್ರಿಯವರನ್ನು ಕಾಣದೆಯೇ ಹೊರಟುಹೋಗುತ್ತಿದ್ದರು! ವಾರಾ ಅವರು ನೊಂದುಕೊಳ್ಳಲಿಲ್ಲ. 1954ರ ಆರಂಭದಲ್ಲಿಯೇ ಆಲಿಸುವ ಹೊಣೆಯನ್ನು ಆ ಸಾಮಾನ್ಯ ಜನರಿಗೆ ಒಪ್ಪಿಸಿಬಿಟ್ಟರು. ‘ಸಮಾರಿಟನ್ಸ್’ ಸಂಸ್ಥೆ ಬೆಳೆದುದು ಹೀಗೆ.

ನಮ್ಮ ದೇಶದಲ್ಲಿ 1986ರಲ್ಲಿ ಮದರಾಸಿನಲ್ಲಿ ಮನೋವೈದ್ಯೆ ಡಾ. ಲಕ್ಷ್ಮೀ ವಿಜಯಕುಮಾರ್ ಅವರು ‘ಸ್ನೇಹಾ’ ಎಂಬ ಸಂಸ್ಥೆಯನ್ನು ಇದೇ ಹಾದಿಯಲ್ಲಿ ಆರಂಭಿಸಿದರು. ಸರ್ಕಾರವೇ ಮುಂದೆ ಬಂದುದು ತಡವಾಗಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆ ಪ್ರಾರಂಭವಾಯಿತು. ಇದಕ್ಕೆ ಮಾರ್ಗದರ್ಶನ ನೀಡುವ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಎಂಬುದು ಕನ್ನಡಿಗರಿಗೆ ಸಂತೋಷದ ವಿಷಯ.

ಸಂಖ್ಯೆ 14416. ಹಗಲಿರುಳೂ ತೆರೆದಿರುತ್ತದೆ, ಶುಲ್ಕವಿಲ್ಲ. ಬೇಕಾದ ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡವೂ ಅವುಗಳಲ್ಲೊಂದು. ಇದು ಸಣ್ಣ ಅನುಕೂಲವಲ್ಲ. ಕಚೇರಿಯ ವ್ಯವಹಾರವನ್ನು ಇಂಗ್ಲಿಷಿನಲ್ಲಿ ಸಲೀಸಾಗಿ ನಡೆಸುವವರೂ ದುಃಖವನ್ನು ಹೇಳಿಕೊಳ್ಳುವುದು ತಾಯ್ನುಡಿಯಲ್ಲಿಯೇ. ಮೊದಲು ಮಾತನಾಡುವವರು ತರಬೇತಿ ಹೊಂದಿದ ಆಪ್ತಸಲಹೆಗಾರರು. ಅವರಿಂದ ಬಗೆಹರಿಯದುದಾದರೆ ಮನೋವೈದ್ಯರಿಗೆ ಸಂಪರ್ಕ ಕಲ್ಪಿಸುತ್ತಾರೆ. ಆಸ್ಪತ್ರೆಗೆ ಹೋಗಬೇಕಿದ್ದರೆ ಹತ್ತಿರದ ಸ್ಥಳವನ್ನು ತಿಳಿಸುತ್ತಾರೆ. 2024ರಿಂದ ಮೊಬೈಲಿನಲ್ಲಿ ಇದರ ಆ್ಯಪ್ ಕೂಡ ದೊರೆಯುತ್ತಿದೆ.

ಅಂತರ್ಜಾಲದಲ್ಲಿ ಹುಡುಕಿದರೆ ಇನ್ನೂ ಹತ್ತಾರು ಸಂಖ್ಯೆಗಳು ಸಿಗುತ್ತವೆಯಲ್ಲ ಎಂದು ನೀವು ಕೇಳಬಹುದು. ಸಿಗುತ್ತವೆ; ತೊಂದರೆಯಿರುವುದೂ ಅಲ್ಲಿಯೇ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನಕಲು ಮಾಡುತ್ತಾರೆ. ನಿಂತುಹೋದ ಸಂಖ್ಯೆಗಳೂ ಅದರಲ್ಲಿ ಉಳಿದುಬಿಡುತ್ತವೆ. ಕೆಲವು ಹಗಲಿನ ಗೊತ್ತಾದ ಗಂಟೆಗಳಲ್ಲಿ ಮಾತ್ರ ಉತ್ತರಿಸುತ್ತವೆ. ಮುಳುಗುತ್ತಿರುವವನ ಕೈಗೆ ಹರಿದ ಹಗ್ಗ ಕೊಟ್ಟಂತೆ! ಆದುದರಿಂದ ಸಂಖ್ಯೆ ಯಾವ ಸಂಸ್ಥೆಯದು, ಯಾವ ಹೊತ್ತಿನಲ್ಲಿ ದೊರೆಯುತ್ತದೆ ಎಂಬುದನ್ನು ನೆಮ್ಮದಿಯ ದಿನಗಳಲ್ಲಿಯೇ ವಿಚಾರಿಸಿಟ್ಟುಕೊಳ್ಳುವುದು ಲೇಸು.

ಕರೆ ಮಾಡಲು ನಮ್ಮ ಮನೆಗಳಲ್ಲಿ ಅಡ್ಡಬರುವುದು ಹಣವಲ್ಲ, ‘ಜನ ಏನೆಂದಾರು’ ಎಂಬ ಅಳುಕು. ತಂಗಿಯ ಮದುವೆಗೆ ತೊಡಕಾದೀತೆಂದು ಅಣ್ಣನ ಖಾಯಿಲೆಯನ್ನು ಮುಚ್ಚಿಡುವ ಸಂಸಾರಗಳೆಷ್ಟಿಲ್ಲ? ಬೆಂಗಳೂರಿನವರಂತೂ ಮಾತುಮಾತಿಗೆ ‘ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು’ ಎಂದು ನಗುತ್ತೇವೆ. ನಿಜವಾಗಿಯೂ ಅಲ್ಲಿಗೆ ಹೋಗಬೇಕಾದವರು ಆ ನಗೆಯನ್ನು ನೆನೆದೇ ಬಾಗಿಲಲ್ಲಿ ಹಿಂಜರಿಯುತ್ತಾರೆ.

ಇನ್ನೊಂದು ಭಯವಿತ್ತು, ಪೊಲೀಸರದು. ಆತ್ಮಹತ್ಯೆಯ ಯತ್ನ ಹಿಂದೆ ಅಪರಾಧವಾಗಿತ್ತು. ಹಾಗೆ ಯತ್ನಿಸಿದವರು ತೀವ್ರ ಮನಃಕ್ಲೇಶದಲ್ಲಿದ್ದರೆಂದೇ ಭಾವಿಸತಕ್ಕದ್ದು, ಅವರಿಗೆ ಆರೈಕೆ ದೊರಕಿಸುವುದು ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲವೇ ಇಲ್ಲ.

‘ಸಾಯುವ ಯೋಚನೆ ಬರುತ್ತಿದೆಯೆ?’ ಎಂದು ನೇರವಾಗಿ ಕೇಳಿದರೆ, ಇಲ್ಲದ ಯೋಚನೆಯನ್ನು ನಾವೇ ಬಿತ್ತಿದಂತಾದೀತೆಂದು ತಾಯಂದಿರು ಹೆದರುತ್ತಾರೆ. ಹಾಗಾಗುವುದಿಲ್ಲವೆಂದು ಮನೋವೈದ್ಯರು ಖಚಿತವಾಗಿ ಹೇಳುತ್ತಾರೆ. ಕೇಳುವವರು ಸಿಕ್ಕರೆಂದು ಎಷ್ಟೋ ಜನರಿಗೆ ಸಮಾಧಾನವೇ ಆಗುತ್ತದೆ. ಕೇಳಿದ ಮೇಲೆ ಉಪದೇಶ ಬೇಡ, ‘ನಿನಗೇನು ಕಡಮೆಯಾಗಿದೆ?’ ಎಂಬ ಗದರಿಕೆಯೂ ಬೇಡ. ಉತ್ತರ ಹೌದೆಂದಾದರೆ ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಬೀಗದೊಳಗಿಡಬೇಕು. ಅಪಾಯ ಕಣ್ಣೆದುರಿಗೇ ಇದ್ದರೆ 112ಕ್ಕೆ ಕರೆ ಮಾಡುವುದು, ಇಲ್ಲವೆ ತಡಮಾಡದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವುದು. ರೋಗಿ ಒಲ್ಲೆನೆಂದರೆ ಮನೆಯವರೇ 14416ಕ್ಕೆ ಮಾತನಾಡಿ ಸಲಹೆ ಪಡೆಯಬಹುದು.

ಅಡುಗೆಮನೆಯ ಗೋಡೆಯ ಮೇಲೆ ಹಾಲಿನವರ, ಗ್ಯಾಸಿನವರ, ಡಾಕ್ಟರರ ಸಂಖ್ಯೆಗಳನ್ನು ಬರೆದಿಡುತ್ತೇವಲ್ಲ, ಅವುಗಳ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದ್ದೇ ಇರುತ್ತದೆ. ಮನೆಯಲ್ಲಿ ಯಾರಿಗಾಗಿ ಬರೆದಿರೆಂದು ಹೇಳಬೇಕಾದುದಿಲ್ಲ, ಬೇಕಾದವರು ಓದಿಕೊಳ್ಳುತ್ತಾರೆ.