ಗುತ್ತಿಗಾರಿನ ಪ್ಲಾನ್ ಗದಗಿನಲ್ಲಿ ಯಾಕೆ ನಡೆಯೋದಿಲ್ಲ?

ನಮ್ಮ ಸುಳ್ಯದ ಕಡೆ, ಗುತ್ತಿಗಾರಿನಂಥ ಊರಲ್ಲಿ, ಪಾಯ ತೋಡುವಾಗ ಗಟ್ಟಿ ಮುರಕಲ್ಲು ಸಿಕ್ಕಿದ್ರೆ 'ಇಷ್ಟು ಸಾಕು' ಅಂತಾರೆ. ಸಣ್ಣ ಮನೆಗೆ ಅದು ಹೆಚ್ಚಾಗಿ ಸಾಕಾಗುತ್ತೆ ಕೂಡ. ಆದರೆ ಅದೇ ಪ್ಲಾನ್, ಅದೇ ಸಿಮೆಂಟ್, ಅದೇ ಕಬ್ಬಿಣ ಹಾಕಿ ಗದಗಿನ ಎರೆಮಣ್ಣಿನ ಮೇಲೆ ಕಟ್ಟಿದ್ರೆ ಗೋಡೆ ಬಿರುಕು ಬಿಡಬಹುದು. ತಮಾಷೆ ಏನಂದ್ರೆ, ನಮ್ಮಲ್ಲಿ ವರ್ಷಕ್ಕೆ 3500 ಮಿ.ಮೀ. ದಾಟುವ ಮಳೆ, ಗದಗಿನಲ್ಲಿ ಸುಮಾರು 600. ಮಳೆ ಕಡಿಮೆ ಇರೋ ಕಡೆಯೇ ತೊಂದರೆ ಜಾಸ್ತಿ!

ಕಾರಣ ಮಣ್ಣಿನೊಳಗಿನ ಖನಿಜ. ನಮ್ಮ ಕೆಂಪುಮಣ್ಣಿನ ಜೇಡಿಯಲ್ಲಿ ಹೆಚ್ಚಾಗಿ ಇರೋದು ಕಯೋಲಿನೈಟ್. ಅದರ ಪದರಗಳು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಎರೆಮಣ್ಣಿನ ಮಾಂಟ್‌ಮೊರಿಲೊನೈಟ್ ಹಾಗಲ್ಲ, ಪದರಗಳ ನಡುವೆ ನೀರು ಹೊಕ್ಕು ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಕಟ್ಟಡದ ಅಂಚಿನ ಮಣ್ಣು ಒಣಗಿ ನಡುವಿನದ್ದು ಒದ್ದೆಯಾಗೇ ಉಳಿದಾಗ ಪಾಯ ಒಂದೇ ಸಮ ಏಳೋದಿಲ್ಲ, ಇಳಿಯೋದೂ ಇಲ್ಲ. ಭಾರ ಕಡಿಮೆ ಇರೋ ಒಂದಂತಸ್ತಿನ ಮನೆ, ಅಂಗಡಿ ಸಾಲುಗಳಿಗೇ ಪೆಟ್ಟು ಹೆಚ್ಚು.

ಹಾಗಾಗಿ ಮೊದಲು ಮಣ್ಣಿನ ಪರೀಕ್ಷೆ. ಜರಡಿ ಹಿಡಿದ ಒಣಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬೋದಿಲ್ಲ. ನೀರಿನ ಜಾಡಿಯ ಮಣ್ಣು ಅದಕ್ಕಿಂತ ಶೇ. 50ಕ್ಕೂ ಹೆಚ್ಚು ಉಬ್ಬಿದ್ರೆ ಸಾಮಾನ್ಯ ಪಾಯ ಸಾಲದು.

ಅಂಥ ಕಡೆ ಒಂದು ದಾರಿ ಅಂಡರ್-ರೀಮ್ಡ್ ಪೈಲ್. ಎರೆಮಣ್ಣು ಆಳವಾಗಿದ್ರೆ ಕನಿಷ್ಠ 3.5 ಮೀಟರ್ ಇಳಿಸಿ, ತುದಿಯಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಮಾಡ್ತಾರೆ. ಮಣ್ಣು ಮೇಲೆತ್ತಿದರೂ ಗಡ್ಡೆ ಬೇರಿನ ಥರ ಹಿಡಿದಿಡುತ್ತೆ. ಮೇಲಿನ ಬೀಮ್ ಮಣ್ಣಿಗೆ ತಾಗದಂತೆ ಕೆಳಗೆ ಜಾಗ ಬಿಡಬೇಕು. ಇನ್ನೊಂದು ದಾರಿ, ಎರೆಮಣ್ಣು ತೆಗೆದು ಉಬ್ಬದ ಅಂಟುಮಣ್ಣಿನ ಪದರ ಹಾಕೋದು. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರ ಈ ವಿಧಾನ ನಮ್ಮ ಮಲಪ್ರಭಾ ಕಾಲುವೆಯಲ್ಲೂ ಬಳಕೆಯಾಗಿದೆ.

ಕಾಂಕ್ರೀಟ್ ಗಟ್ಟಿ ಮಾಡಿದ ಮಾತ್ರಕ್ಕೆ ಮಣ್ಣು ಸುಮ್ಮನಿರೋದಿಲ್ಲ. ಆದರೂ ಪಾಯಕ್ಕೆ ಎಂ25, ನೀರು-ಸಿಮೆಂಟ್ ಅನುಪಾತ 0.5ರೊಳಗೆ, ಫೂಟಿಂಗ್ ಕಂಬಿಗೆ 50 ಮಿ.ಮೀ. ಕವರ್ ಇರಲೇಬೇಕು. ಮನೆ ಸುತ್ತ ಹೊರಗೆ ಇಳಿಜಾರಾದ ಏಪ್ರನ್ ಬೇಕು. ಇಂಗುಗುಂಡಿ, ದೊಡ್ಡ ಮರ ದೂರ ಇರಲಿ.

ಹಾಗಂತ ನಾವು ಗುತ್ತಿಗಾರಿನವರು ಆರಾಮ ಅಂದ್ಕೊಳ್ಳೋ ಹಾಗಿಲ್ಲ. ಮುರಕಲ್ಲಿನ ಕೆಳಗೆ ಶೇಡಿಮಣ್ಣು ಇರಬಹುದು. ಒಣಗಿದಾಗ ಗಟ್ಟಿ, ನೀರು ಕುಡಿದ್ರೆ ಮೆತ್ತಗೆ. ಗುಡ್ಡ ಕಡಿದು ಮನೆ, ಅಂಗಡಿ ಕಟ್ಟುವಾಗ ಮೊದಲು ಚರಂಡಿ, ಆಮೇಲೆ ಕಾಂಕ್ರೀಟ್. ಪ್ಲಾನನ್ನು ಪಕ್ಕದ ಮನೆಯಿಂದ ಕಾಪಿ ಹೊಡೆಯಬಹುದು, ಮಣ್ಣನ್ನು ಆಗೋದಿಲ್ಲ.