ಸ್ಯಾಂಕಿ ಕೆರೆ ದಂಡೆಯಲ್ಲಿ ಹೂವಿನ ಸರದಿ

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದರೆ ಬೆಂಗಳೂರಿನ ಸ್ಯಾಂಕಿ ಕೆರೆ ಉದ್ಯಾನಕ್ಕೆ ಮೊಬೈಲ್ ಹಿಡಿದವರ ದಂಡು ಬರುತ್ತದೆ. ಎಲ್ಲರ ಕಣ್ಣೂ ತಬೆಬುಯಾ ಮೇಲೆ. ಎಲೆ ಉದುರಿದ ಕೊಂಬೆಗಳ ತುಂಬ ಹಳದಿ ಹೂ, ಹಿಂದೆ ನೀರು. ಇಲ್ಲಿ ಕೆಟ್ಟ ಫೋಟೊ ತೆಗೆಯುವುದೇ ಕಷ್ಟ!

ಆದರೆ ಈ ನೀರನ್ನು ನಿಲ್ಲಿಸಿದ್ದು ಚೆಂದಕ್ಕಲ್ಲ, ಬಾಯಾರಿಕೆಗೆ. 1876-78ರ ಭೀಕರ ಬರದಲ್ಲಿ ಊರು ನೀರಿಗೆ ತತ್ತರಿಸಿತ್ತು. ಮತ್ತೆ ಹಾಗಾಗದಿರಲೆಂದು 1882ರಲ್ಲಿ ಈ ಕೆರೆ ಕಟ್ಟಿ, ಮಿಲ್ಲರ್ಸ್ ಮತ್ತು ಧರ್ಮಾಂಬುಧಿ ಕೆರೆಗಳಿಗೆ ಜೋಡಿಸಿದರು. ಆ ಧರ್ಮಾಂಬುಧಿಯ ಒಡಲಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಕರ್ನಲ್ ರಿಚರ್ಡ್ ಸ್ಯಾಂಕಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದವರು. ಅಠಾರ ಕಚೇರಿ, ಕಬ್ಬನ್ ಪಾರ್ಕ್ ಕೂಡ ಅವರ ಕೈಯವೇ. ಕೆರೆಯ ಪಕ್ಕದಲ್ಲಿ ಸರ್ಕಾರದ ಶ್ರೀಗಂಧದ ಕೋಠಿಯಿದ್ದುದರಿಂದ ಹಳಬರ ಬಾಯಲ್ಲಿ ಇದು ಗಂಧದಕೋಠಿ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂತು. ಇಂಥ ಕೆರೆಗಳ ಗರಜು ಕಡಿಮೆಯಾಗುತ್ತ ಹೋಯಿತು.

ಇನ್ನು ದಂಡೆಯ ತಬೆಬುಯಾ. ಅದು ಅಮೆರಿಕ ಖಂಡದ ಮರ. ಒಂದು ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆಯ್ದವರು 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್. ಆ ಸರದಿ ಇಂದಿಗೂ ತಪ್ಪಿಲ್ಲ: ತಬೆಬುಯಾ ಬಳಿಕ ಜಕರಂಡ, ಅದರ ಬೆನ್ನಿಗೇ ಗುಲ್‌ಮೊಹರ್.

ನನ್ನ ಮಟ್ಟಿಗೆ ಇಲ್ಲಿ ನೋಡಬೇಕಾದದ್ದು ನಮ್ಮದೇ ಹೊಂಗೆ. ಯುಗಾದಿ ಆಸುಪಾಸಿನಲ್ಲಿ ಎಳೆ ಎಲೆ ಮಿರಮಿರ ಮಿಂಚುವಾಗಲೇ ಹೂವೂ ಬಂದಿರುತ್ತದೆ, ತಲೆಯೆತ್ತಿದರೆ ಕಾಣುವುದಿಲ್ಲ ಅಷ್ಟೆ. ಕಿವಿಗೊಟ್ಟರೆ ಜೇನ್ನೊಣದ ಗುಂಯ್ ಸದ್ದು ಕೇಳುತ್ತದೆ. ಬಗ್ಗಿ ನೋಡಿದರೆ ನೆಲದ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಹೂ. ಒಂದನ್ನು ಅಂಗೈಯಲ್ಲಿಟ್ಟುಕೊಳ್ಳಿ: ಉಗುರಿನಷ್ಟು ಗಾತ್ರ, ಅವರೆ ಹೂವಿನ ಆಕಾರ, ಬಿಳಿಯಲ್ಲಿ ನಸುನೇರಳೆ, ಬುಡದಲ್ಲಿ ಕಂದು ತೊಟ್ಟು. ಇದೇ ಮರದ ಬೀಜದೆಣ್ಣೆಯಲ್ಲಿ ಒಂದು ಕಾಲಕ್ಕೆ ಹಳ್ಳಿಗಳ ದೀಪ ಉರಿಯುತ್ತಿತ್ತು.

ಈ ದಂಡೆಯ ಮರಗಳಿಗೆ ಆಪತ್ತೂ ತಪ್ಪಿಲ್ಲ. 2011ರಲ್ಲಿ ರಸ್ತೆ ಅಗಲಿಸಲು ಕೆರೆ ಬದಿಯ ಮರಗಳಿಗೆ ಕೊಡಲಿ ಬಿದ್ದಾಗ ಸುತ್ತಲಿನವರು ಬೀದಿಗಿಳಿದಿದ್ದರು. ಅಗಲೀಕರಣದ ಮಾತು ಆಮೇಲೂ ತಲೆಯೆತ್ತಿದೆ, ಜನವೂ ಮತ್ತೆ ಬಂದಿದ್ದಾರೆ.

ಹೊಂಗೆಗಾಗಿ ಬರುವವರು ಬೆಳಗ್ಗೆ ಬೇಗ ಬನ್ನಿ. ತಡವಾದರೆ ಪೊರಕೆ ನಿಮಗಿಂತ ಮುಂಚೆ ಬಂದು ಹೋಗಿರುತ್ತದೆ.